ನಾರ್ವೆ ಕರಾವಳಿ: ಪೂರ್ತಿ ಕ್ರೂಸ್ ಬಿಟ್ಟು ತುಂಡು ಟಿಕೆಟ್‌ನಲ್ಲಿ ಹೋಗಿ ಬಂದೆವು

ನಾವು ಐದು ಜನ. ಅದರಲ್ಲಿ ಎಪ್ಪತ್ತು ದಾಟಿದ ಅಮ್ಮ, ಇಬ್ಬರು ಮಕ್ಕಳು. ಬರ್ಗೆನ್‌ನಿಂದ ಉತ್ತರ ತುದಿಯ ಕಿರ್ಕೆನೆಸ್‌ವರೆಗೆ ಹಡಗಿನಲ್ಲೇ ಹೋದರೆ ವಿಮಾನ ಬಿಟ್ಟು 10 ಲಕ್ಷದ ಹತ್ತಿರ ಅಂದಿದ್ದರು ಏಜೆಂಟ್. ನಾವು ಹಡಗು, ರೈಲು, ರೂಮು, ಊಟ ಎಲ್ಲ ಸೇರಿ ನಾಲ್ಕೂವರೆ ಲಕ್ಷದಲ್ಲಿ ಮುಗಿಸಿದೆವು. ನಾರ್ವೆಯ ಒಂದು ಕ್ರೋನಗೆ ಸುಮಾರು 8 ರೂಪಾಯಿ ಇದ್ದಾಗಿನ ಲೆಕ್ಕ ಇದು.

1893ರಿಂದ ಓಡುತ್ತಿರುವ, ಜನರ ಜೊತೆ ಸರಕನ್ನೂ ಒಯ್ಯುವ ಈ ಕರಾವಳಿ ಹಡಗು ಸೇವೆಗೆ (ಹುರ್ಟಿಗ್ರೂಟನ್) ದಾರಿಯಲ್ಲಿ 34 ಬಂದರು. ನಮ್ಮ ಕೆಂಪು ಬಸ್ಸಿನ ಹಾಗೆ ಎಲ್ಲಿ ಬೇಕಾದರೂ ಹತ್ತಿ ಎಲ್ಲಿ ಬೇಕಾದರೂ ಇಳಿಯಬಹುದು. "ಸರಕಿನ ಮೂಟೆ ಜೊತೆ ಅಮ್ಮನ್ನೂ ಹಾಕ್ಕೊಂಡು ಹೋಗ್ತೀಯಾ? ಈಜುಕೊಳ ಇಲ್ಲ, ಆಟ ಇಲ್ಲ, ಮಕ್ಕಳು ಎರಡನೇ ದಿನಕ್ಕೇ ಅಳ್ತವೆ" ಅಂದರು ಭಾವ. ಮಕ್ಕಳಿಗೆ ಆ ಸರಕೇ ಆಟ ಆಯಿತು. ಹಡಗು ನಿಂತ ಕೂಡಲೇ ಪಕ್ಕದ ಬಾಗಿಲು ತೆರೆಯುತ್ತೆ, ಫೋರ್ಕ್‌ಲಿಫ್ಟ್ ಓಡಿ ಬರುತ್ತೆ, ಕಾಲು ಗಂಟೆಯಲ್ಲಿ ಇಳಿಸಿ ಹತ್ತಿಸಿ ಮುಗಿಯುತ್ತೆ. ನನ್ನ ಮಗ ರಾತ್ರಿ ಹನ್ನೊಂದಕ್ಕೂ ಕಂಬಿ ಹಿಡಿದು ನಿಂತಿದ್ದ. ಅಲ್ಲಿ ಬೇಸಿಗೆಯಲ್ಲಿ ಆ ಹೊತ್ತಿಗೂ ಬೆಳಕಂತೂ ಇದ್ದೇ ಇರುತ್ತಲ್ವಾ.

ನಮ್ಮ ದಾರಿ ಹೀಗಿತ್ತು. ಬರ್ಗೆನ್‌ನಿಂದ ಟ್ರಾಂಡ್‌ಹೈಮ್‌ಗೆ ಎರಡು ರಾತ್ರಿ, ಕ್ಯಾಬಿನ್ ತಗೊಂಡು. ಬೇಸಿಗೆಯಲ್ಲಿ ಓಲೆಸುಂಡ್ ಆದ ಮೇಲೆ ಹಡಗು ಗೈರಾಂಗರ್ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಸಮುದ್ರದ ತೋಳು) ಒಳಗೂ ಹೋಗಿ ಬರುತ್ತೆ, ದುಡ್ಡು ವಸೂಲಾಗೋದು ಅಲ್ಲೇ. ಜೂನ್‌ನಲ್ಲೇ ಹೋಗಿ. ಹಿಮ ಕರಗುವ ಕಾಲ, ಆ ಫ್ಯೋರ್ಡ್‌ನ ಏಳು ಸೋದರಿಯರ ಜಲಪಾತ ಮೈದುಂಬಿರುತ್ತೆ, ಆಮೇಲೆ ಎಳೆ ಎಳೆಯಾಗುತ್ತೆ. ಟ್ರಾಂಡ್‌ಹೈಮ್‌ನಿಂದ ಬೋಡೊಗೆ ರಾತ್ರಿ ರೈಲು, ಸುಮಾರು ಹತ್ತು ಗಂಟೆ. ಒಂದು ರಾತ್ರಿಯ ರೂಮಿನ ಖರ್ಚೂ ಉಳಿಯಿತು, ಆರ್ಕ್‌ಟಿಕ್ ವೃತ್ತವನ್ನೂ ದಾಟಿದೆವು. ಬೋಡೊದಿಂದ ದ್ವೀಪಗಳ ಗುಂಪಾದ ಲೊಫೊಟೆನ್‌ನ ಸ್ವೋಲ್ವೇರ್‌ಗೆ ಮತ್ತೆ ಅದೇ ಸೇವೆಯ ಹಡಗು, ಮಧ್ಯಾಹ್ನ ಹತ್ತಿದರೆ ರಾತ್ರಿ ಒಂಬತ್ತಕ್ಕೆ ಇಳಿಯೋದು. ಇದಕ್ಕೆ ಕ್ಯಾಬಿನ್ ಬೇಡ, ಬರೀ ಡೆಕ್ ಟಿಕೆಟ್ ಸಾಕು, ತಲೆಗೆ ಆರೇಳು ನೂರು ಕ್ರೋನ ಇದ್ದ ನೆನಪು.

ಕ್ಯಾಬಿನ್‌ಗೆ ಕಿಟಕಿ ಇಲ್ಲದ್ದೇ ತಗೊಳ್ಳಿ. ಅಗ್ಗ ಅಂತ ಮಾತ್ರ ಅಲ್ಲ, ಕತ್ತಲಿದ್ದರೆ ತಾನೇ ನಿದ್ದೆ! ಹಡಗಿನ ನಡುವೆ, ಕೆಳಗಿನ ಡೆಕ್ ಇರಲಿ, ತೂಗಾಟ ಕಡಿಮೆ. ತೀರಾ ಮುಂದಿದ್ದರೆ ಪ್ರತಿ ಬಂದರಿನಲ್ಲೂ ಯಂತ್ರದ ಗುಡುಗುಡು. ಬುಕಿಂಗ್ ಯಾವಾಗ ಮಾಡಿದೆ ಅಂತ ಮಾತ್ರ ಕೇಳಬೇಡಿ, ಮುಂದಿನ ಸಲವೂ ನನಗೆ ಆ ದರ ಬೇಕು.

ಬೋಡೊ ಮತ್ತು ಲೊಫೊಟೆನ್ ನಡುವಿನ ವೆಸ್ಟ್‌ಫ್ಯೋರ್ಡ್‌ನಲ್ಲಿ ಮಗಳಿಗೆ ಎರಡು ಸಲ ವಾಂತಿ ಆಯಿತು. ಹೆಸರಿಗೆ ಫ್ಯೋರ್ಡ್, ಆದರೆ ತೆರೆದ ಸಮುದ್ರ. ಶುಂಠಿ ಮಾತ್ರೆ ಕೆಲಸ ಮಾಡಲಿಲ್ಲ. ಹೊರಗೆ ಗಾಳಿಗೆ ಕೂರಿಸಿದ ಮೇಲೆ ಸುಧಾರಿಸಿಕೊಂಡಳು.

ಊಟದ್ದೇ ದೊಡ್ಡ ಪ್ರಯೋಗ. ಭಾರತದಿಂದ ತುಪ್ಪ, ಹಾಲಿನ ಪುಡಿ ಒಯ್ಯುವಂತಿಲ್ಲ. ಅವಲಕ್ಕಿ, ಹುರಿದ ಶ್ಯಾವಿಗೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಹೋದವು. ಅಗಲ ಬಾಯಿಯ ಫ್ಲಾಸ್ಕ್‌ಗೆ ಅಕ್ಕಿ ಹಾಕಿ ಕುದಿನೀರು ಸುರಿದರೆ ಅನ್ನ ಆಗುತ್ತೆ ಅಂತ ಯಾರೋ ಹೇಳಿದ್ದರು. ಆಗಲಿಲ್ಲ, ನಡುವೆ ಗಟ್ಟಿ ಉಳಿಯಿತು. ಗಟ್ಟಿ ಅವಲಕ್ಕಿ ಹತ್ತೇ ನಿಮಿಷಕ್ಕೆ ಅರಳಿತು. ಬರ್ಗೆನ್ ರೂಮಿನಲ್ಲಿ ಅಲ್ಲಿನ ಹುಳಿ ಹಾಲಿನಿಂದ ಹೆಪ್ಪು ಹಾಕಿದೆವು, ಲೋಳೆ ಲೋಳೆ ಆಯಿತು. ಟರ್ಕಿ ಬಗೆಯ ಮೊಸರು ತಂದು ಹಾಕಿದ ಮೇಲೆ ಅಮ್ಮನ ಮುಖ ಅರಳಿತು. ಮೂರು ಹೊತ್ತೂ ಹಡಗಿನಲ್ಲೇ ಉಂಡಿದ್ದರೆ ಇನ್ನೊಂದು ಲಕ್ಷ ಜಾಸ್ತಿ ಆಗುತ್ತಿತ್ತು. ದೋಸೆಯಷ್ಟು ದಪ್ಪನೆಯ ವಾಫಲ್, ಕಂದು ಚೀಸ್ ಮಾತ್ರ ದಿನಾ ಕೊಂಡೆವು, ಅದರಲ್ಲಿ ಜಿಪುಣತನ ಬೇಡ.