ಕಂಡಕ್ಟರ್ ತೆಗೆದ ಬೀಗ

2023ರ ಮಳೆಗಾಲದ ಒಂದು ಸಂಜೆ ಶಿವಮೊಗ್ಗದಿಂದ ಊರಿಗೆ ಬರುವ ಬಸ್ಸಿನಲ್ಲಿ ಮೊಬೈಲ್ ಮರೆತು ಇಳಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅಡಿಕೆಗೆ ಹೊಡೆಯಲು ತಂದ ಮೈಲುತುತ್ತದ ಚೀಲ. ಮೂರನೆಯ ಕೈ ಇರಲಿಲ್ಲ, ಮೊಬೈಲನ್ನು ಪಕ್ಕದ ಸೀಟಿನ ಮೇಲೆ ಇಟ್ಟಿದ್ದೆ. ಮನೆಗೆ ಬಂದು ಒದ್ದೆ ಅಂಗಿ ಬಿಚ್ಚಿ ಜೇಬು ತಡವಿಕೊಳ್ಳುವ ಹೊತ್ತಿಗೆ ಹೆಂಡತಿಯ ಮೊಬೈಲ್ ಹೊಡೆದುಕೊಂಡಿತು. ನನ್ನದೇ ನಂಬರಿನಿಂದ ಕರೆ. ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ನಿಲ್ದಾಣಕ್ಕೆ ಬಂದು ತೆಗೆದುಕೊಂಡು ಹೋಗಿ ಎಂದರು.

ಮರುದಿನ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹೋದೆ. ಮೊಬೈಲ್ ಕೈಗೆ ಬಂದ ಮೇಲೆ ಥಟ್ಟನೆ ಹೊಳೆಯಿತು. "ಲಾಕ್ ಇತ್ತಲ್ಲ, ಕರೆ ಹೇಗೆ ಮಾಡಿದಿರಿ?" ಎಂದು ಕೇಳಿದೆ. ಅವರು ನಕ್ಕು ಮೊಬೈಲನ್ನು ವಾಪಸ್ ಇಸಿದುಕೊಂಡು, ಗಾಜನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಮಬ್ಬು ಮಬ್ಬಾದ ಗಾಜಿನ ಮೇಲೆ ಬಸವನಹುಳು ಹರಿದು ಹೋದ ಹಾಗೆ ಒಂದು ಜಿಡ್ಡಿನ ಗೆರೆ: ಎಡಗಡೆ ಮೇಲಿನಿಂದ ನೆಟ್ಟಗೆ ಕೆಳಕ್ಕೆ, ಅಲ್ಲಿಂದ ಬಲಕ್ಕೆ. ಇಂಗ್ಲಿಷಿನ ಎಲ್ ಅಕ್ಷರ. "ಒಂದೇ ಸಲಕ್ಕೆ ತೆಗೆಯಿತು ಸಾರ್" ಎಂದರು.

ಕಂಡಕ್ಟರ್ ಒಳ್ಳೆಯ ಮನುಷ್ಯ, ನನ್ನ ಹೆಂಡತಿಯ ಹೆಸರು ಹುಡುಕಿ ಕರೆ ಮಾಡಿದರು. ಆದರೆ ಅದೇ ಗೆರೆಯ ಮೇಲೆ ಬೆರಳೆಳೆದವರು ಬೇರೆ ಯಾರಾದರೂ ಆಗಿದ್ದರೆ ಸೊಸೈಟಿಯ ಸಂದೇಶಗಳು, ಬ್ಯಾಂಕಿನ ಆ್ಯಪ್, ಅಮ್ಮನ ಆಸ್ಪತ್ರೆ ಚೀಟಿಗಳ ಫೋಟೋ, ಅಣ್ಣತಮ್ಮಂದಿರ ಆಸ್ತಿ ಜಗಳದ ವಾಟ್ಸ್ಆ್ಯಪ್ ಮಾತುಗಳು ಎಲ್ಲವೂ ಅವರ ಪಾಲಾಗುತ್ತಿದ್ದವು. ಅಂದಿನಿಂದ ಸುಮಾರು ಎರಡು ತಿಂಗಳು, ಮಳೆಯ ದೆಸೆಯಿಂದ ತೋಟದ ಕೆಲಸವೂ ನಿಂತಿದ್ದರಿಂದ, ಈ ಬೀಗದ ಹಿಂದೆ ಬಿದ್ದೆ. ಮಾಡಿದ್ದನ್ನೂ ಎಡವಿದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ಬದಲಾಯಿಸಿದ್ದು ಪ್ಯಾಟರ್ನ್. ಮೂರು ಸಾಲು, ಮೂರು ಚುಕ್ಕಿ. ನಮ್ಮಮ್ಮ ಅದನ್ನು ನೋಡಿ "ಇಷ್ಟು ಚಿಕ್ಕ ರಂಗೋಲಿಯಾ" ಎಂದಿದ್ದರು. ಕನಿಷ್ಠ ನಾಲ್ಕು ಚುಕ್ಕಿ ಮುಟ್ಟಬೇಕು ಎಂಬ ನಿಯಮದಲ್ಲಿ ಒಟ್ಟು 3,89,112 ಬಗೆಯಲ್ಲಿ ಗೆರೆ ಎಳೆಯಬಹುದು. ಕೇಳಲು ದೊಡ್ಡ ಸಂಖ್ಯೆ. ಆದರೆ ನಾಲ್ಕೇ ಚುಕ್ಕಿಗೆ ನಿಲ್ಲಿಸಿದರೆ ಸಿಗುವುದು 1,624 ಮಾತ್ರ, ಅಂದರೆ ನಾಲ್ಕಂಕಿಯ ಪಿನ್‌ಗಿರುವ 10,000ಕ್ಕಿಂತಲೂ ಬಹಳ ಕಡಿಮೆ. ಅದರ ಮೇಲೆ ಜನ ಎಳೆಯುವ ಗೆರೆಗಳೂ ಹೆಚ್ಚುಕಡಿಮೆ ಒಂದೇ ಥರ. 2015ರಲ್ಲಿ ನಾರ್ವೆಯ ವಿದ್ಯಾರ್ಥಿನಿಯೊಬ್ಬರು ಸುಮಾರು 4,000 ಪ್ಯಾಟರ್ನ್‌ಗಳನ್ನು ಕಲೆಹಾಕಿ ನೋಡಿದಾಗ ನೂರಕ್ಕೆ 44 ಎಡಗಡೆ ಮೇಲಿನ ಮೂಲೆಯಿಂದಲೇ ಶುರುವಾಗಿದ್ದವಂತೆ. ಅಕ್ಷರದ ಆಕಾರ ಬಿಡಿಸಿದವರೂ ಅನೇಕರಿದ್ದರಂತೆ. ನನ್ನ ಎಲ್ ಎರಡೂ ಗುಂಪಿಗೆ ಸೇರಿತ್ತು. ಕಂಡಕ್ಟರ್ ಮಾಡಿದ ಗಾಜಿನ ಪ್ರಯೋಗವೂ ಹೊಸದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2010ರಲ್ಲೇ ಜಿಡ್ಡಿನ ಗುರುತಿನ ಫೋಟೋ ತೆಗೆದು ಪ್ಯಾಟರ್ನ್ ಓದಿ ತೋರಿಸಿದ್ದರು. ನಮ್ಮ ಕಂಡಕ್ಟರಿಗೆ ಕ್ಯಾಮೆರಾವೂ ಬೇಕಾಗಲಿಲ್ಲ.

ಹಾಗಾಗಿ ಪಿನ್‌ಗೆ ಬಂದೆ. ಮೊದಲು ಹಾಕಿದ್ದು ಮಗ ಹುಟ್ಟಿದ ಇಸವಿ. ಹೆಂಡತಿಗೆ ಕೊಟ್ಟು "ತೆಗೆ ನೋಡೋಣ" ಎಂದೆ. ಮೊದಲು ನಮ್ಮ ಮದುವೆಯ ವರ್ಷ ಒತ್ತಿದಳು, ಆಗಲಿಲ್ಲ. ಎರಡನೆಯದಕ್ಕೆ ತೆರೆಯಿತು. ಮದುವೆಯ ವರ್ಷ ಯಾಕೆ ಇಡಲಿಲ್ಲ ಎಂಬ ಮಾತು ಬೇರೆಯೇ ದಾರಿ ಹಿಡಿಯಿತು, ಅದು ಇಲ್ಲಿ ಬೇಡ. ಆಮೇಲೆ ಆರು ಅಂಕಿಗೆ ಹೋದೆ. ಅಲ್ಲಿ ಹತ್ತು ಲಕ್ಷ ಸಾಧ್ಯತೆಗಳಿವೆ, ಇಸವಿಯ ಗೊಡವೆ ಇಲ್ಲ. ಅಪ್ಪನ ಹಳೆಯ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಒಂದು ವರ್ಷದ ಒಟ್ಟು ಮೊತ್ತ ಆರಂಕಿಯದು. ಚಿಕ್ಕವನಿದ್ದಾಗ ಆ ಸಂಖ್ಯೆಯನ್ನು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಅದನ್ನೇ ಇಟ್ಟೆ. ಬಂದವರಿಗೆಲ್ಲ ಹೇಳಿದ್ದ ಸಂಖ್ಯೆ ಗುಟ್ಟು ಹೇಗಾಗುತ್ತದೆ ಎಂದು ಮಗ ಕೇಳಿದ. ಕೇಳಿಸಿಕೊಂಡವರಲ್ಲಿ ಈಗ ಇರುವವರು ಇಬ್ಬರೇ, ಇಬ್ಬರಿಗೂ ಮೊಬೈಲ್ ಬಳಸಲು ಬರುವುದಿಲ್ಲ ಎಂದೆ. ಆದರೂ ಆಮೇಲೆ ಅಂಕಿಗಳ ಕ್ರಮ ಬದಲಾಯಿಸಿದೆ.

ಯುಪಿಐ ಪಿನ್ ಮಾತ್ರ ಇದಕ್ಕೆ ಸಂಬಂಧವೇ ಇಲ್ಲದ ಸಂಖ್ಯೆ. ಪೆಟ್ರೋಲ್ ಬಂಕಿನಲ್ಲಿ, ಅಂಗಡಿಯ ಕಟ್ಟೆಯ ಮೇಲೆ ನಾವು ಬೀಗ ತೆಗೆಯುವುದನ್ನು ಹತ್ತು ಜನ ನೋಡುತ್ತಾರೆ. ಆ ಅಂಕಿಯೇ ಹಣದ ಅಂಕಿಯೂ ಆದರೆ ತಿಜೋರಿಗೆ ಬಾಗಿಲ ಬೀಗದ ಕೈಯನ್ನೇ ಕೊಟ್ಟಂತೆ.

ಬೆರಳಚ್ಚಿನ ಕಥೆ ಉದ್ದವಿದೆ. ಮೊಬೈಲ್ ಮಾರುವವರು ಹೇಳುವಷ್ಟು ಸುಲಭದ್ದಲ್ಲ ಅದು, ಕಡೇ ಪಕ್ಷ ನಮ್ಮಂಥವರ ಬೆರಳಿಗೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದರೆ ವಾರದೊಳಗೆ ಹೆಬ್ಬೆರಳು, ತೋರುಬೆರಳು ಎರಡೂ ಚೊಗರು ಹತ್ತಿ ಕಪ್ಪಾಗುತ್ತವೆ, ತುದಿಯ ಚರ್ಮ ಬಿರಿಯುತ್ತದೆ. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುವ ದಿನಗಳಲ್ಲಂತೂ ಸುಣ್ಣ ಬೆರಳ ಗೆರೆಗಳನ್ನೇ ತಿಂದುಹಾಕುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ವಯಸ್ಸಾದವರ ಹೆಬ್ಬೆಟ್ಟು ಬೀಳದೆ ವಾಪಸ್ ಹೋಗುವುದನ್ನು ನೋಡಿದ್ದೆ, ನನ್ನದೇ ಮೊಬೈಲ್ ನನ್ನನ್ನು ಹೊರಗೆ ನಿಲ್ಲಿಸುತ್ತದೆಂದು ಎಣಿಸಿರಲಿಲ್ಲ.

ನಾಲ್ಕೈದು ಬಗೆಯಲ್ಲಿ ಯತ್ನಿಸಿದ ಮೇಲೆ ಒಂದು ಹದಕ್ಕೆ ಬಂತು. ಅಡಿಕೆಗೂ ಕತ್ತಿಗೂ ಅಷ್ಟಾಗಿ ತಾಗದ ಎಡಗೈ ಉಂಗುರದ ಬೆರಳನ್ನು ನೋಂದಾಯಿಸಿದೆ. ಬಲ ಹೆಬ್ಬೆರಳನ್ನು ಎರಡು ಸಲ ಕೊಟ್ಟೆ: ಒಮ್ಮೆ ಒಣಗಿದ್ದಾಗ, ಇನ್ನೊಮ್ಮೆ ಸ್ನಾನ ಮಾಡಿ ಬಂದು ಚರ್ಮ ಮೆತ್ತಗಿದ್ದಾಗ. ನೋಂದಾಯಿಸುವಾಗ ಬೆರಳಿನ ನಡುಭಾಗವನ್ನಷ್ಟೇ ಒತ್ತದೆ, ದಿನವೂ ಜೇಬಿನಿಂದ ತೆಗೆಯುವಾಗ ಬೆರಳು ಹೇಗೆ ಬೀಳುತ್ತದೋ ಹಾಗೆ ಅಂಚು, ತುದಿ ಎಲ್ಲವನ್ನೂ ಕೊಟ್ಟೆ. ಹಿಂದೆ ಹತ್ತು ಸಲಕ್ಕೆ ಆರು ಸಲ ಸೋಲುತ್ತಿದ್ದದ್ದು ಈಗ ಒಂದೆರಡಕ್ಕೆ ಇಳಿದಿದೆ. ಜಡಿಮಳೆಯಲ್ಲಿ ಈಗಲೂ ಪಿನ್ನೇ ಗತಿ.

ಹೀಗೆ ಬೆರಳು ಸೇರಿಸುವಾಗಲೇ ಇನ್ನೊಂದು ಕಂಡಿತು. ಪಟ್ಟಿಯಲ್ಲಿ ನನ್ನವಲ್ಲದೆ "ಬೆರಳು 4" ಎಂದು ಒಂದಿತ್ತು. ಮನೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಒತ್ತಿಸಿದೆ. ಬೇಸಿಗೆ ರಜೆಗೆ ಬಂದು ಹೋಗಿದ್ದ ತಂಗಿಯ ಮಗ ಮತ್ತೆ ದಸರಾಕ್ಕೆ ಬಂದಾಗ ಒಗಟು ಒಡೆಯಿತು. ಆಟ ಆಡಲು ಪ್ರತಿ ಸಲ ಮಾವನನ್ನು ಕೇಳುವುದು ಬೇಡವೆಂದು ತನ್ನ ಹೆಬ್ಬೆರಳನ್ನೇ ಸೇರಿಸಿಕೊಂಡಿದ್ದ. ಬೈಯಲಿಲ್ಲ. ಆದರೆ ಆ ಹನ್ನೊಂದು ವರ್ಷದ ಹೆಬ್ಬೆರಳು ಪರದೆಯ ಬೀಗವನ್ನಷ್ಟೇ ಅಲ್ಲ, ಬೆರಳಚ್ಚು ಒಪ್ಪುವ ನನ್ನ ಬ್ಯಾಂಕ್ ಆ್ಯಪನ್ನೂ ತೆರೆಯಿತು ಎಂಬುದನ್ನು ಅವನೆದುರೇ ಪರೀಕ್ಷಿಸಿ ನೋಡಿದಾಗ ನನ್ನ ಬಾಯಿ ಒಣಗಿತು. ಈಗ ಮಕ್ಕಳ ಕೈಗೆ ಕೊಡಬೇಕಾದರೆ ಆ ಒಂದು ಆ್ಯಪ್ ಬಿಟ್ಟು ಬೇರೆಡೆ ಹೋಗಲಾಗದಂತೆ ಅದನ್ನು ಪರದೆಗೆ ಕಟ್ಟಿಹಾಕಿ (ಇದಕ್ಕೂ ಪಿನ್ ಮಾಡುವುದು ಎಂದೇ ಹೆಸರು, ಅಂಕಿಯ ಪಿನ್ ಅಲ್ಲ) ಕೊಡುತ್ತೇನೆ. ಆಂಡ್ರಾಯ್ಡ್‌ನಲ್ಲಿ 2014ರಿಂದಲೂ ಈ ಸೌಲಭ್ಯ ಇದೆಯಂತೆ. ಕಾರ್ಟೂನಿನಿಂದ ಹೊರಬರಬೇಕಾದರೆ ಮತ್ತೆ ಬೀಗ ತೆಗೆಯಬೇಕು.

ಮುಖ ತೋರಿಸಿ ತೆಗೆಯುವುದನ್ನು ಒಂದೇ ದಿನಕ್ಕೆ ಬಿಟ್ಟೆ. ಮಗನ ಐಫೋನ್ ಕಣ್ಣಿಗೆ ಕಾಣದ ಮೂವತ್ತು ಸಾವಿರಕ್ಕೂ ಹೆಚ್ಚು ಬೆಳಕಿನ ಚುಕ್ಕಿಗಳನ್ನು ಮುಖದ ಮೇಲೆ ಬಿಟ್ಟು ಉಬ್ಬುತಗ್ಗು ಅಳೆಯುತ್ತದೆ. ನನ್ನದು ಬರೀ ಮುಂದಿನ ಕ್ಯಾಮೆರಾದಲ್ಲಿ ಚಿತ್ರ ಹೋಲಿಸುವ ಅಗ್ಗದ ಸೆಟ್. ಅಂಥದ್ದಕ್ಕೆ ಫೋಟೋ ಹಿಡಿದೂ ಮೋಸ ಮಾಡಬಹುದು.

ಬೀಗ ಬಿಗಿಯಾಯಿತು ಎಂದು ಸಮಾಧಾನದಲ್ಲಿದ್ದಾಗ ಒಂದು ಮದುವೆ ಮನೆಯಲ್ಲಿ ಮೊಬೈಲೇ ಬಾಯಿ ಬಿಟ್ಟಿತು. ಊಟದ ಮೇಜಿನ ಮೇಲೆ ಇಟ್ಟಿದ್ದೆ, ಲಾಕ್ ಆಗಿತ್ತು. ಅಷ್ಟರಲ್ಲಿ ಮಂಡಿಯಿಂದ ಸಂದೇಶ ಬಂದು ಪರದೆ ಬೆಳಗಿತು: ಇಷ್ಟು ಕ್ವಿಂಟಲ್ ರಾಶಿ ಅಡಿಕೆ, ಇಷ್ಟು ದರ, ಇಷ್ಟು ಜಮಾ. ಎಡಗಡೆಯ ಎಲೆಯವರು ಹೋಳಿಗೆ ಮುರಿಯುತ್ತಲೇ "ನಿಮಗೆ ಪರವಾಗಿಲ್ಲ ದರ ಸಿಕ್ಕಿದೆ" ಎಂದರು. ಯಾರು ಯಾವ ದರಕ್ಕೆ ಅಡಿಕೆ ಕೊಟ್ಟರು ಎಂಬುದನ್ನು ಮಲೆನಾಡಿನಲ್ಲಿ ಹೆಂಡತಿಗೂ ಎರಡು ದಿನ ತಡವಾಗಿ ಹೇಳುವವರಿದ್ದಾರೆ. ಅಂದು ರಾತ್ರಿಯೇ ಸೆಟ್ಟಿಂಗ್‌ನಲ್ಲಿ ಹುಡುಕಿ, ಲಾಕ್ ಪರದೆಯ ಮೇಲೆ ಸಂದೇಶ ಬಂದಿದೆ ಎಂದು ಮಾತ್ರ ಕಾಣುವಂತೆ, ಒಳಗಿನ ಮಾತು ಕಾಣದಂತೆ ಮಾಡಿದೆ. ಅಡಿಕೆ ದರ ಹೋಗಲಿ, ಬ್ಯಾಂಕಿನ ಒಟಿಪಿಯೂ ಅದೇ ಕಿಂಡಿಯಿಂದ ಇಣುಕುತ್ತದೆ. ಬೀಗವನ್ನು ಮುಟ್ಟದೆಯೇ ಅದನ್ನು ಓದಿಕೊಳ್ಳಬಹುದು. ಪರದೆ ಆರಿ ಐದು ನಿಮಿಷದ ಮೇಲೆ ಬೀಗ ಬೀಳುವಂತಿದ್ದದ್ದನ್ನೂ ಆಗಲೇ ತೆಗೆದು, ಪವರ್ ಗುಂಡಿ ಒತ್ತಿದ ಕೂಡಲೇ ಬೀಳುವಂತೆ ಮಾಡಿದೆ.

ಮುಂದಿನದು ಸಿಮ್. ಮೊಬೈಲಿಗೆ ಎಷ್ಟೇ ಗಟ್ಟಿ ಬೀಗ ಹಾಕಿದರೂ ಕಳ್ಳ ಸಿಮ್ ತೆಗೆದು ಬೇರೆ ಮೊಬೈಲಿಗೆ ಹಾಕಿಕೊಂಡರೆ ಒಟಿಪಿಗಳೆಲ್ಲ ಅಲ್ಲಿಗೆ ಹೋಗುತ್ತವೆ. ಅದಕ್ಕೆ ಸಿಮ್‌ಗೇ ಪ್ರತ್ಯೇಕ ಪಿನ್ ಇಡಬಹುದು. ನಾನು ಇಲ್ಲಿ ಅವಸರ ಮಾಡಿದೆ. ಮೊದಲ ಸಲ ಕೇಳುವುದು ಸಿಮ್ ಕಂಪನಿ ಇಟ್ಟಿರುವ ಸಂಖ್ಯೆಯನ್ನು. ನಾನು ನನಗೆ ಬೇಕಾದ ಹೊಸ ಸಂಖ್ಯೆ ಎಂದುಕೊಂಡು ಒತ್ತಿದೆ. ತಪ್ಪು. ಮತ್ತೆ ಒತ್ತಿದೆ. ಇನ್ನೊಂದೇ ಅವಕಾಶ ಇದೆ ಎಂದು ಪರದೆ ಎಚ್ಚರಿಸಿತು. ಮೂರನೆಯದೂ ತಪ್ಪಿದರೆ ಪಿಯುಕೆ ಎಂಬ ಎಂಟಂಕಿಯ ಸಂಖ್ಯೆ ಬೇಕು, ಅದೂ ಹತ್ತು ಸಲ ತಪ್ಪಿದರೆ ಸಿಮ್ ಬಿಸಾಡುವುದೇ. ಕೈ ತೆಗೆದು, ಮರುದಿನ ಗ್ರಾಹಕ ಸೇವೆಗೆ ಕರೆ ಮಾಡಿ ಮೂಲ ಸಂಖ್ಯೆ ಕೇಳಿ ತಿಳಿದುಕೊಂಡೇ ಮುಂದುವರಿದೆ.

ಅದಾಗಿ ಒಂದು ವಾರಕ್ಕೆ ರಾತ್ರಿ ಕರೆಂಟ್ ಹೋಗಿ ಮೊಬೈಲ್ ಸತ್ತಿತ್ತು. ಬೆಳಿಗ್ಗೆ ಚಾರ್ಜಿಗೆ ಹಾಕಿ, ಆನ್ ಮಾಡಿ, ಸಿಮ್ ಪಿನ್ ಒತ್ತಿ ಕೊಟ್ಟಿಗೆಗೆ ಹೋದೆ. ಹಾಲು ಕರೆದು ಬರುವಷ್ಟರಲ್ಲಿ ಕರೆ ಬರುತ್ತಿದೆ, ಆದರೆ ಹೆಸರಿಲ್ಲ, ಬರೀ ಹತ್ತು ಅಂಕಿ. ನಂಬರುಗಳೆಲ್ಲ ಅಳಿಸಿಹೋದವು ಎಂದು ಕೈ ನಡುಗಿತು. ಎತ್ತಿದರೆ ಮಗ. ಅವನು ಸಮಾಧಾನ ಮಾಡಿ ವಿವರಿಸಿದ: ಮೊಬೈಲ್ ಹೊಸದಾಗಿ ಶುರುವಾದಾಗ ಒಳಗಿರುವುದೆಲ್ಲ ಗೂಢಲಿಪಿಯಲ್ಲಿ ಮುಚ್ಚಿಕೊಂಡಿರುತ್ತದೆ, ಪರದೆಯ ಪಿನ್ ಒಮ್ಮೆ ಹಾಕುವವರೆಗೆ ಹೆಸರಿನ ಪಟ್ಟಿಯನ್ನು ಮೊಬೈಲೇ ಓದಲಾರದು. ಹಾಗಾಗಿಯೇ ಮೊದಲ ಸಲಕ್ಕೆ ಅದು ಬೆರಳನ್ನು ಒಪ್ಪದೆ ಪಿನ್ನನ್ನೇ ಕೇಳುವುದು. ಪಿನ್ ಹಾಕಿದೆ, ಹೆಸರುಗಳೆಲ್ಲ ಬಂದು ಕುಳಿತವು.

ಇದು ತಿಳಿದ ಮೇಲೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ನಿದ್ದೆ ಹೋದವನ ಬೆರಳನ್ನು ಯಾರು ಬೇಕಾದರೂ ಎತ್ತಿ ಮೊಬೈಲಿಗೆ ಒತ್ತಬಹುದಲ್ಲ. ಪವರ್ ಗುಂಡಿಯ ಪಟ್ಟಿಯಲ್ಲಿ ಲಾಕ್‌ಡೌನ್ ಎಂದೊಂದು ಇರುತ್ತದೆ, 2018ರ ಆಂಡ್ರಾಯ್ಡ್ 9ರಲ್ಲಿ ಬಂದದ್ದು. ಕೆಲವು ಸೆಟ್‌ಗಳಲ್ಲಿ ಸೆಟ್ಟಿಂಗ್‌ಗೆ ಹೋಗಿ ಅದು ಕಾಣುವಂತೆ ಮಾಡಬೇಕು. ಅದನ್ನು ಒತ್ತಿದರೆ ಬೆರಳು ಕೆಲಸ ಮಾಡುವುದಿಲ್ಲ, ಪರದೆಯ ಮೇಲೆ ಸಂದೇಶವೂ ಬರುವುದಿಲ್ಲ, ಪಿನ್ ಒಂದೇ ದಾರಿ. ಕಂಬಳಿ ಹೊದೆಯುವ ಮುಂಚೆ ಅದನ್ನು ಒತ್ತುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ದಿನ ತೋಟದಲ್ಲಿ ಕುಳಿತಿದ್ದಾಗ ಅನಿಸಿತು: ಈಗ ಮತ್ತೆ ಬಸ್ಸಿನಲ್ಲಿ ಬಿಟ್ಟರೆ ಆ ಕಂಡಕ್ಟರ್ ಏನು ಮಾಡಬೇಕು? ಗಾಜು ನೋಡಿದರೆ ಏನೂ ಸಿಗುವುದಿಲ್ಲ, ಹೆಂಡತಿಯ ನಂಬರೂ ಸಿಗುವುದಿಲ್ಲ. ಲಾಕ್ ಪರದೆಯ ಮೇಲೆ ಒಂದು ಸಾಲು ಬರೆದಿಡಬಹುದು ಎಂದು ಗೊತ್ತಿತ್ತು. "ಸಿಕ್ಕವರು ದಯವಿಟ್ಟು ಕರೆ ಮಾಡಿ" ಎಂದು ಬರೆದು ನಂಬರ್ ಹಾಕಿದೆ. ನಾಲ್ಕು ದಿನ ಹಾಗೆಯೇ ಇತ್ತು. ಐದನೆಯ ದಿನ ಹೆಂಡತಿ ಅದನ್ನು ಓದಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಹಾಕಿದ್ದು ನನ್ನದೇ ನಂಬರ್, ಅದೇ ಮೊಬೈಲಿನದು. ಈಗ ಅವಳದ್ದಿದೆ. ತುರ್ತು ಮಾಹಿತಿಯಲ್ಲಿ ರಕ್ತದ ಗುಂಪು, ಸಕ್ಕರೆ ಕಾಯಿಲೆಯ ಮಾತ್ರೆಗಳ ಹೆಸರೂ ಇವೆ. ಬೀಗ ತೆಗೆಯದೆಯೇ ಅವು ಕಾಣುತ್ತವೆ.

*#06# ಒತ್ತಿದರೆ ಬರುವ ಹದಿನೈದು ಅಂಕಿಯ ಐಎಂಇಐ, ಅಂದರೆ ಮೊಬೈಲಿನ ಗುರುತಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟೆ. ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಆ ಮೊಬೈಲನ್ನೇ ನಿಷ್ಕ್ರಿಯಗೊಳಿಸಲು ಅದು ಬೇಕು, ಹಣ ಹೋದರೆ ಕರೆ ಮಾಡಬೇಕಾದದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಅದೇ ಚೀಟಿಯಲ್ಲಿ ಪರದೆಯ ಆರಂಕಿಯನ್ನೂ ಸಿಮ್ ಪಿನ್ನನ್ನೂ ಬರೆದೆ, ನಾಳೆ ನನಗೇನಾದರೂ ಆದರೆ ಮನೆಯವರು ಮೊಬೈಲ್ ಮುಂದೆ ಕೈಕಟ್ಟಿ ಕೂರುವಂತಾಗಬಾರದು. ಚೀಟಿಯನ್ನು ಪಹಣಿ, ಖಾತೆ ಪತ್ರಗಳಿರುವ ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಟ್ರಂಕಿನ ಬೀಗದ ಕೈ ಮಾತ್ರ ಅಪ್ಪನ ಕಾಲದಿಂದಲೂ ದೇವರ ಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ತಂಗಿಯ ಮಗನಿಗೂ ಅದು ಗೊತ್ತು.