ಕಂಡದ್ದು, ಅನಿಸಿದ್ದು

ಪಿಸ್ತೂಲ್ ಸ್ಪರ್ಧೆಗೆ ಹೋಗುತ್ತೇನೆ ಎಂದರೆ ಊರಿನವರು ಮೊದಲು ಕೇಳುವುದು ಮನು ಭಾಕರ್ ಬಗ್ಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಆಕೆ ಎರಡು ಕಂಚು ಗೆದ್ದ ಮೇಲಂತೂ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ಅದು ನಿಂತಲ್ಲೇ ನಿಂತು, ಒಂದೇ ಕೈ ಚಾಚಿ, ಒಂದೊಂದು ಗುಂಡಿಗೂ ಮನಸ್ಸನ್ನು ಪೂರ್ತಿ ಕೊಟ್ಟು ಹೊಡೆಯುವ ಆಟ. ನನ್ನದು ಓಡುತ್ತಾ ಹೊಡೆಯುವ ಆಟ. ಪ್ರಾಕ್ಟಿಕಲ್ ಶೂಟಿಂಗ್ ಎನ್ನುತ್ತಾರೆ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸೇರಿದ ಸಭೆಯೊಂದರಲ್ಲಿ ಇದರ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಅಮೆರಿಕದಲ್ಲಿ ಇದನ್ನು ನಡೆಸುವುದು ಯುಎಸ್‌ಪಿಎಸ್‌ಎ ಎಂಬ ಸಂಸ್ಥೆ. ನಾನು ಕೆಲಸಕ್ಕೆಂದು ಬಂದು ನೆಲೆಸಿರುವ ಅರಿಜೋನಾದಲ್ಲಿ ಬಹುತೇಕ ಪ್ರತಿ ವಾರಾಂತ್ಯವೂ ಎಲ್ಲೋ ಒಂದು ಕಡೆ ಮ್ಯಾಚ್ ಇರುತ್ತದೆ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಮುಗಿಸಬೇಕೆಂದು ನಸುಕಿನಲ್ಲೇ ಶುರು ಮಾಡುತ್ತಾರೆ.

ಲೆಕ್ಕ ಹೀಗೆ. ಕಂದು ರಟ್ಟಿನ ಗುರಿಹಲಗೆಯಲ್ಲಿ ಎ, ಸಿ, ಡಿ ಎಂದು ಮೂರು ವಲಯ. ನಾನಿರುವ ಕ್ಯಾರಿ ಆಪ್ಟಿಕ್ಸ್ ವಿಭಾಗದಲ್ಲಿ (ಗುರಿಯಿಡಲು ಕೆಂಪು ಚುಕ್ಕಿ ತೋರಿಸುವ ಗಾಜು ಕೂರಿಸಿದ ಪಿಸ್ತೂಲುಗಳ ವಿಭಾಗ) ಎ ವಲಯಕ್ಕೆ 5 ಅಂಕ, ಸಿಗೆ 3, ಡಿಗೆ 1. ಸಾಮಾನ್ಯವಾಗಿ ಒಂದು ಹಲಗೆಗೆ ಎರಡು ಗುಂಡು. ತಪ್ಪಿದ ಪ್ರತಿ ಗುಂಡಿಗೆ 10 ಅಂಕ ಕಡಿತ. ಹೊಡೆಯಬಾರದ ಬಿಳಿ ಹಲಗೆಗೆ ತಾಗಿದರೂ ಅಷ್ಟೇ. ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್. ಆಟವೆಲ್ಲ ಈ ಭಾಗಾಕಾರದಲ್ಲಿದೆ.

ಮೊದಲ ವರ್ಷ ಈ ಭಾಗಾಕಾರ ನನಗೆ ಅರ್ಥವೇ ಆಗಿರಲಿಲ್ಲ. ಮ್ಯಾಚ್ ಕೆಟ್ಟಿತೆಂದರೆ ನನ್ನ ಬಳಿ ಒಂದೇ ಕಾರಣ: ಆತುರಪಟ್ಟೆ. ಮುಂದಿನ ವಾರ ನಿಧಾನ ಮಾಡುತ್ತಿದ್ದೆ. ನಿಧಾನ ಮಾಡಿದರೂ ಗುಂಡುಗಳು ಎಡಕ್ಕೆ, ಕೆಳಕ್ಕೆ ಬೀಳುವುದು ನಿಲ್ಲಲಿಲ್ಲ; ಕಳೆದದ್ದು ಸಮಯ ಮಾತ್ರ. ಆಗ ಬೇಜಾರಾಗಿ ಅದರ ಮುಂದಿನ ವಾರ ಮತ್ತೆ ವೇಗ. ಹೀಗೆ ಏತದ ಮರದಂತೆ ಮೇಲೆ ಕೆಳಗೆ ಆಡುತ್ತಲೇ ಹತ್ತು ತಿಂಗಳು ಕಳೆದವು. ತಪ್ಪು ಮಾಡುತ್ತಿದ್ದೆ, ತಪ್ಪಿನ ಬಗ್ಗೆ ಯೋಚಿಸುತ್ತಲೂ ಇದ್ದೆ, ಆದರೆ ಏನನ್ನೂ ಕಲಿಯುತ್ತಿರಲಿಲ್ಲ.

ಅದಕ್ಕೂ ಮುಂಚೆ, ನಾಲ್ಕನೇ ಮ್ಯಾಚಿನಲ್ಲೇ, ನಡೆದದ್ದನ್ನು ಹೇಳಬೇಕು.

ಈ ಆಟದಲ್ಲಿ ಎಲ್ಲಕ್ಕಿಂತ ಮೇಲಿನ ನಿಯಮ 180 ಡಿಗ್ರಿ. ಗುರಿಗಳ ಹಿಂದಿರುವ ಮಣ್ಣಿನ ದಿಬ್ಬಕ್ಕೆ ಮುಖ ಮಾಡಿ ಎರಡೂ ತೋಳು ಚಾಚಿದರೆ ಒಂದು ಗೆರೆ ಸಿಗುತ್ತದಲ್ಲ, ಪಿಸ್ತೂಲಿನ ಬಾಯಿ ಯಾವ ಕಾರಣಕ್ಕೂ ಆ ಗೆರೆಯಿಂದ ಹಿಂದಕ್ಕೆ ಬರಬಾರದು. ಬಂದರೆ ಅಲ್ಲಿಗೆ ಆ ದಿನದ ಮ್ಯಾಚ್ ಮುಗಿಯಿತು. ಆ ದಿನ ಸ್ಟೇಜ್, ಅಂದರೆ ಮ್ಯಾಚಿನ ಒಂದು ಸುತ್ತು, ಬಲಗಡೆಯಿಂದ ಶುರುವಾಗಿ ಎಡಕ್ಕೆ ಓಡಬೇಕಿತ್ತು, ದಾರಿಯಲ್ಲಿ ಮ್ಯಾಗಜೀನ್ (ಪಿಸ್ತೂಲಿನ ಗುಂಡಿನ ಡಬ್ಬಿ) ಬದಲಿಸಬೇಕಿತ್ತು. ಮೂರು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ರೇಂಜ್ ಆಫೀಸರ್ "ಸ್ಟಾಪ್!" ಎಂದು ಕೂಗಿದರು. ಯಾಕೆ ಕೂಗಿದರು ಎಂಬುದೇ ನನಗೆ ಗೊತ್ತಾಗಲಿಲ್ಲ. ಪಿಸ್ತೂಲ್ ಖಾಲಿ ಮಾಡಿಸಿ, ಹೋಲ್ಸ್ಟರಿಗೆ ಹಾಕಿಸಿ, ಆಮೇಲೆ ತುಂಬ ಸಮಾಧಾನದಿಂದ ಹೇಳಿದರು: "ಬಾಯಿ ಗೆರೆ ದಾಟಿತು."

ನನಗೆ ಅವಮಾನಕ್ಕಿಂತ ಹೆಚ್ಚಾಗಿ ನೆನಪಾದದ್ದು ಅಜ್ಜ. ಅಮ್ಮನ ತವರು ವಿರಾಜಪೇಟೆ ಕಡೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿದ ಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತಿತ್ತು. ಮಕ್ಕಳಾದ ನಮಗೆ ಕೋವಿ ಮುಟ್ಟುವ ಮುಂಚೆ ಅಜ್ಜ ಕೊಡವ ತಕ್ಕ್‌ನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. ಕನ್ನಡದಲ್ಲಿ ಹೇಳುವುದಾದರೆ: ಕೋವಿಯ ಬಾಯಿ ನೆಲ ನೋಡಲಿ, ಆಕಾಶ ನೋಡಲಿ, ಮನುಷ್ಯರನ್ನು ನೋಡಬಾರದು ಮಗ. ಆ ಮಾತು ಕೇಳಿ ಬೆಳೆದವನು ನಾನು. ನನ್ನ ಬೆನ್ನ ಹಿಂದೆ ಆ ದಿನ ಹನ್ನೊಂದು ಜನ ನಿಂತಿದ್ದರು.

ಮನೆಗೆ ಹೋಗಲಿಲ್ಲ. ಅನರ್ಹನಾದವನೂ ಮ್ಯಾಚ್ ಮುಗಿಯುವವರೆಗೆ ಉಳಿದು, ಹಲಗೆಯ ತೂತುಗಳಿಗೆ ಕಾಗದ ಅಂಟಿಸಿ, ಬಿದ್ದ ಕಬ್ಬಿಣದ ಗುರಿಗಳನ್ನು ಎತ್ತಿ ನಿಲ್ಲಿಸುವುದು ಇಲ್ಲಿನ ರೂಢಿ. ಒಳ್ಳೆಯ ರೂಢಿ ಅದು. ಸ್ಕ್ವಾಡಿನ ಒಬ್ಬ ಹಿರಿಯರು, ಎಪ್ಪತ್ತರ ಆಸುಪಾಸಿನವರು, ಅಂಟಿಸುತ್ತಾ ಪಕ್ಕಕ್ಕೆ ಬಂದು ಕೇಳಿದರು:

"ಆ ಹೊತ್ತಿಗೆ ನಿನಗೆ ಏನು ಕಂಡಿತು?"

"ಆತುರಪಟ್ಟೆ ಅನಿಸುತ್ತೆ."

"ಅನಿಸಿದ್ದಲ್ಲ. ಕಂಡದ್ದು ಹೇಳು. ಪಿಸ್ತೂಲ್ ಎಲ್ಲಿತ್ತು?"

"ನನ್ನ ಎದೆಗೆ ನೇರವಾಗಿ, ಮುಂದಕ್ಕೇ ಇತ್ತು."

ಅವರು ತಮ್ಮ ಫೋನಿನಲ್ಲಿದ್ದ ವಿಡಿಯೋ ತೋರಿಸಿದರು. ಪಿಸ್ತೂಲ್ ನಿಜಕ್ಕೂ ನನ್ನ ಎದೆಗೆ ನೇರವಾಗಿಯೇ ಇತ್ತು. ಆದರೆ ಎಡಕ್ಕೆ ಓಡಲು ಹೊರಟ ನನ್ನ ಎದೆಯೇ ಎಡಕ್ಕೆ ತಿರುಗಿತ್ತು. ಮ್ಯಾಗಜೀನ್ ಹಾಕಲು ಬಲಮಣಿಕಟ್ಟು ಸ್ವಲ್ಪ ಒಳಕ್ಕೆ ಮಡಚಿದಾಗ ಬಾಯಿ ಗೆರೆಯಿಂದ ಹಿಂದಕ್ಕೆ ಬಂದಿತ್ತು. ಬಲಗೈಯವರಿಗೆ ಬಲದಿಂದ ಎಡಕ್ಕೆ ಓಡುವುದೇ ಅಪಾಯದ ದಿಕ್ಕು. ಎಡದಿಂದ ಬಲಕ್ಕೆ ಓಡುವಾಗ ಕೈ ತಾನಾಗಿಯೇ ದಿಬ್ಬದ ಕಡೆ ಬೀಳುತ್ತದೆ. ಪುಸ್ತಕದಲ್ಲಿ ಓದಿದ್ದರೆ ಮರೆಯುತ್ತಿದ್ದೆನೇನೋ. ಆ ವಿಡಿಯೋವನ್ನು ಇಪ್ಪತ್ತು ಸಲವಾದರೂ ನೋಡಿದೆ.

ಅದೇ ವಾರ ಒಂದು ನೂರು ಹಾಳೆಯ ನೋಟ್‌ಬುಕ್ ತಂದೆ. ಪ್ರತಿ ಹಾಳೆಗೂ ನಡುವೆ ಗೆರೆ. ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ಆದರೆ ಆ ವರ್ಷವಿಡೀ ಬಲಗಡೆಯೇ ತುಂಬಿತು. ಎಡಗಡೆ ಬರೆಯಲು ಏನೂ ಇರುತ್ತಿರಲಿಲ್ಲ, ಯಾಕೆಂದರೆ ನಾನು ಏನನ್ನೂ ನೋಡುತ್ತಲೇ ಇರಲಿಲ್ಲ. ಆ ಖಾಲಿ ಅಂಕಣವನ್ನು ಗಮನಿಸಲು ಹತ್ತು ತಿಂಗಳು ಬೇಕಾದವು.

ಮೊದಲು ಓಟವನ್ನು ತಿದ್ದಿಕೊಂಡೆ. ಮ್ಯಾಗಜೀನ್ ಬದಲಾವಣೆಯನ್ನು ಮೊದಲ ಹೆಜ್ಜೆಯಲ್ಲೇ, ಮೈ ಪೂರ್ತಿ ತಿರುಗುವ ಮುಂಚೆಯೇ ಮುಗಿಸುವುದು. ಮುಗಿಯದಿದ್ದರೆ ಪಿಸ್ತೂಲನ್ನು ಬಲಭುಜದ ಕಡೆಗೆ ಒಯ್ದು, ಮೊಣಕೈ ಮಡಚಿ, ಬಾಯಿಯನ್ನು ದಿಬ್ಬಕ್ಕೆ ಕಟ್ಟಿಹಾಕಿದಂತೆ ಇಟ್ಟುಕೊಳ್ಳುವುದು. ಮನೆಯ ಉದ್ದ ಕೋಣೆಯಲ್ಲಿ ಗೋಡೆಗೊಂದು ನೀಲಿ ಟೇಪ್ ಅಂಟಿಸಿ, ಖಾಲಿ ಪಿಸ್ತೂಲಿನ ಬಾಯಿ ಅದನ್ನು ಬಿಡದಂತೆ ಬಲದಿಂದ ಎಡಕ್ಕೆ ನಡೆದೆ. ಎರಡು ವಾರ ಬರೀ ನಡಿಗೆ, ಆಮೇಲೆ ಓಟ. ಇಂಥ ಅಭ್ಯಾಸ ಮಾಡುವವರು ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿಯೇ ಬರಬೇಕು, ಮ್ಯಾಗಜೀನ್ ಮತ್ತು ಚೇಂಬರ್ ಎರಡನ್ನೂ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಎಡಕ್ಕೆ ಕೆಳಕ್ಕೆ ಬೀಳುವ ಗುಂಡಿನ ಕತೆ ಇನ್ನೂ ಉದ್ದ. ದಿನಕ್ಕೆ ಹದಿನೈದು ನಿಮಿಷ ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನ ಅಭ್ಯಾಸ, ಮಾಡುತ್ತಿದ್ದೆ. ಟೈಮರಿನಲ್ಲಿ ಎರಡು ಬೀಪ್ ಇಟ್ಟು, ಮೊದಲ ಬೀಪಿಗೆ ಹೋಲ್ಸ್ಟರಿನಿಂದ ತೆಗೆದು ಎರಡನೆಯದಕ್ಕೆ ಮುಂಚೆ ಟ್ರಿಗರ್ ಒತ್ತಬೇಕು. 1.5 ಸೆಕೆಂಡಿನಿಂದ ಶುರು ಮಾಡಿ 1.0ಕ್ಕೆ ಇಳಿಸಿದೆ. ಬಹಳ ಖುಷಿಯಾಗಿತ್ತು. ಆದರೆ ಡ್ರೈ ಫೈರಿನಲ್ಲಿ ಹಲಗೆಗೆ ತೂತು ಬೀಳುವುದಿಲ್ಲ. ಕೆಂಪು ಚುಕ್ಕಿ ಗುರಿಗೆ ಬರುವ ಮುಂಚೆಯೇ ಬೀಪ್ ಸೋಲಿಸಲು ಬೆರಳು ಎಳೆದುಬಿಡುತ್ತಿತ್ತು. ಅಷ್ಟು ತಿಂಗಳು ನಾನು ದಿನಾ ಹದಿನೈದು ನಿಮಿಷ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದು ಆ ತಪ್ಪನ್ನೇ.

ಅದು ಹೊರಬಿದ್ದದ್ದು ಬಿಲ್ ಡ್ರಿಲ್‌ನಲ್ಲಿ. 7 ಗಜ ದೂರ, ಒಂದು ಹಲಗೆ, ಆರು ಗುಂಡು ಒಂದೇ ಉಸಿರಿಗೆ. ಮೊದಲ ಗುಂಡು ಚುಕ್ಕಿ ಬರುವ ಮುಂಚೆ ಹೋಗಿ ಸಿ. ಎರಡು, ಮೂರು ಎ. ಆಮೇಲಿನವು ಮೆಟ್ಟಿಲಿಳಿದಂತೆ ಎಡಕ್ಕೆ ಕೆಳಕ್ಕೆ. ಅಂದರೆ ಇದ್ದದ್ದು ಒಂದು ತಪ್ಪಲ್ಲ, ಎರಡು. ಎರಡನ್ನೂ ನಾನು "ಆತುರ" ಎಂಬ ಒಂದೇ ಚೀಲಕ್ಕೆ ತುಂಬಿ ಕಟ್ಟಿಟ್ಟಿದ್ದೆ.

ಎರಡನೆಯದನ್ನು ಹಿಡಿಯಲು ಅದೇ ಹಿರಿಯರು ನನ್ನ ಮ್ಯಾಗಜೀನಿನಲ್ಲಿ ನನಗೆ ತಿಳಿಯದಂತೆ ನಡುವೆ ಒಂದೆರಡು ಡಮ್ಮಿ ಗುಂಡು ಸೇರಿಸಿಕೊಟ್ಟರು. ಡಮ್ಮಿ ಬಂದಾಗ ಸದ್ದಿಲ್ಲ, ಒದೆತವಿಲ್ಲ; ಆದರೂ ಪಿಸ್ತೂಲಿನ ಮೂತಿ ಎರಡು ಬೆರಳಷ್ಟು ಕೆಳಕ್ಕೆ ಕುಕ್ಕಿತು. ಒದೆತ ಬರುತ್ತದೆಂದು ಬಲಗೈ ಮೊದಲೇ ಮುಷ್ಟಿ ಬಿಗಿದು ತಳ್ಳುತ್ತಿತ್ತು. ನನ್ನದೇ ಕೈ, ನನ್ನ ಕಣ್ಣೆದುರಿಗೆ. ಮದ್ದು ಗೊತ್ತಿರುವುದೇ: ಬಿಗಿತದ ಕೆಲಸವನ್ನು ಎಡಗೈಗೆ ಒಪ್ಪಿಸಿ ಬಲಗೈಯನ್ನು ಟ್ರಿಗರಿಗೆ ಬಿಡುವುದು. ಕೈಗೆ ಅದು ಒಗ್ಗಲು ಐದು ತಿಂಗಳು ಹಿಡಿಯಿತು.

ಈಗ ಆ ಭಾಗಾಕಾರಕ್ಕೆ ಬರುತ್ತೇನೆ. 32 ಗುಂಡಿನ ಸ್ಟೇಜ್ ಎಂದರೆ 160 ಅಂಕ. 20 ಸೆಕೆಂಡಿನಲ್ಲಿ ಎಲ್ಲವೂ ಎ ಆದರೆ ಹಿಟ್ ಫ್ಯಾಕ್ಟರ್ 8. ಅಂದರೆ ಅಲ್ಲಿ ಒಂದು ಸೆಕೆಂಡಿನ ಬೆಲೆ 8 ಅಂಕ. ಎ ಬದಲು ಸಿಗೆ ಬಿದ್ದರೆ ಹೋಗುವುದು 2 ಅಂಕ, ಕಾಲು ಸೆಕೆಂಡಿನ ಬೆಲೆ. ಒಂದು ಮಿಸ್ ಆದರೆ ಸಿಗಬೇಕಿದ್ದ 5 ಮತ್ತು ಕಡಿತದ 10 ಸೇರಿ 15 ಅಂಕ, ಹೆಚ್ಚೂಕಡಿಮೆ ಎರಡು ಸೆಕೆಂಡು. ಹಾಗಾದರೆ ಮಿಸ್ ಆದ ಕೂಡಲೇ ಇನ್ನೊಂದು ಗುಂಡು ಹೊಡೆದರೆ? 0.3 ಸೆಕೆಂಡು, ಎರಡೂವರೆ ಅಂಕಕ್ಕೂ ಕಡಿಮೆ. ತಪ್ಪು ಅದೇ, ಆದ ಕ್ಷಣದಲ್ಲೇ ಗೊತ್ತಾದರೆ ಎರಡು ಅಂಕದ್ದು, ಕಾಗದ ಅಂಟಿಸುವಾಗ ಗೊತ್ತಾದರೆ ಹದಿನೈದರದ್ದು. ಕಷ್ಟದ ಸ್ಟೇಜಿನಲ್ಲಿ, ಹಿಟ್ ಫ್ಯಾಕ್ಟರ್ 4ರ ಸುತ್ತ ಇದ್ದಾಗ, ಒಂದೊಂದು ಅಂಕ ಇನ್ನೂ ದುಬಾರಿ. ಅಲ್ಲಿ ಒಂದು ಸಿ ಎಂದರೆ ಅರ್ಧ ಸೆಕೆಂಡು.

ಆ ಕ್ಷಣದಲ್ಲೇ ಗೊತ್ತಾಗುವುದು ಹೇಗೆ? ತೂತು ಹುಡುಕಿ ಅಲ್ಲ. ಗುಂಡು ಹಾರುವ ಕ್ಷಣದಲ್ಲಿ ಕೆಂಪು ಚುಕ್ಕಿ ಮೇಲಕ್ಕೆ ಜಿಗಿಯುತ್ತದೆ. ಜಿಗಿಯುವ ಮುಂಚೆ ಅದು ಎಲ್ಲಿತ್ತೋ ಗುಂಡು ಅಲ್ಲಿಗೇ ಹೋಗಿರುತ್ತದೆ. ಅದನ್ನು ನೋಡಲು ಕಣ್ಣು ರೆಪ್ಪೆ ಬಡಿಯದೆ ತೆರೆದಿರಬೇಕು, ದೃಷ್ಟಿ ಚುಕ್ಕಿಯ ಮೇಲಲ್ಲ, ಹಲಗೆಯ ಮೇಲಿನ ಒಂದು ಬಿಂದುವಿನ ಮೇಲಿರಬೇಕು. ಅಭ್ಯಾಸಕ್ಕೆಂದು ಹೊಡೆದು, ಹಲಗೆಯ ಬಳಿ ಹೋಗುವ ಮುಂಚೆ ಎಡ ಅಂಕಣದಲ್ಲಿ ಬರೆಯತೊಡಗಿದೆ: ಒಂದು ಎ, ಎರಡನೆಯದು ಸಿ, ಬಲಕ್ಕೆ. ಆಮೇಲೆ ಹೋಗಿ ತಾಳೆ ನೋಡುವುದು. ಶುರುವಿನಲ್ಲಿ ಹತ್ತಕ್ಕೆ ನಾಲ್ಕು ಸರಿಹೋದರೆ ಹೆಚ್ಚು. ಎಡಗಡೆ ನಿಜವಾಗಿ ತುಂಬತೊಡಗಿದ್ದು ಆಗಲೇ.

ಹಲಗೆಯನ್ನೇ ಮರೆತುಬಿಡುವ ತಪ್ಪೂ ಇದೆ. ಗೋಡೆಯ ಸಂದಿಯಲ್ಲಿ ಅಡಗಿದ್ದ ಒಂದನ್ನು ಪೂರ್ತಿ ಬಿಟ್ಟು ಓಡಿದ್ದೆ. ಎರಡು ಮಿಸ್‌ಗೆ 20, ಹೊಡೆಯಲು ಪ್ರಯತ್ನಿಸದ್ದಕ್ಕೆ 10, ಸಿಗದೆ ಹೋದ 10. ಒಂದು ಸೆಕೆಂಡು ಉಳಿದರೂ 8 ಆಗಬೇಕಿದ್ದ ಹಿಟ್ ಫ್ಯಾಕ್ಟರ್ 6.3ಕ್ಕೆ ಇಳಿಯಿತು. ಈಗ ಸ್ಟೇಜ್ ನೋಡಲು ಕೊಡುವ ಐದು ನಿಮಿಷದಲ್ಲಿ ಮೊದಲು ಹಲಗೆಗಳನ್ನು ಎಣಿಸುತ್ತೇನೆ. ಎಲ್ಲಿ ನಿಂತರೆ ಯಾವುದು ಕಾಣುತ್ತದೆ ಎಂದು ಕೂಡಿಸಿ, ಬರೆದಿರುವ ಗುಂಡಿನ ಸಂಖ್ಯೆಗೆ ತಾಳೆಯಾಗುವವರೆಗೆ ಯೋಜನೆ ಹಾಕುವುದಿಲ್ಲ. ಆಮೇಲೆ ಬದಿಗೆ ನಿಂತು ಕಣ್ಣು ಮುಚ್ಚಿ ಓಡುತ್ತೇನೆ. ಎಲ್ಲಿ ಚಿತ್ರ ಮಸುಕಾಗುತ್ತದೋ ಅಲ್ಲಿಗೆ ಮತ್ತೆ ನಡೆದು ಹೋಗಿ ನೋಡುತ್ತೇನೆ.

ನಾನೀಗ ಬಿ ದರ್ಜೆಯಲ್ಲಿದ್ದೇನೆ. ದರ್ಜೆಗೆಂದೇ ಇರುವ ಸ್ಟೇಜುಗಳಲ್ಲಿ ಶ್ರೇಷ್ಠ ಹಿಟ್ ಫ್ಯಾಕ್ಟರಿನ 75 ಪ್ರತಿಶತ ದಾಟಿದರೆ ಎ ದರ್ಜೆ, 95ಕ್ಕೆ ಗ್ರ್ಯಾಂಡ್ ಮಾಸ್ಟರ್. ದೂರದ ದಾರಿ. ಮೂರನೆಯ ನೋಟ್‌ಬುಕ್ ಅರ್ಧ ಮುಗಿದಿದೆ.

ಕಳೆದ ಭಾನುವಾರದ ಹಾಳೆಯಲ್ಲಿ ಎರಡು ಸಾಲಿವೆ. ಮೂರನೇ ಸ್ಟೇಜಿನಲ್ಲಿ ಬಿಳಿ ಹಲಗೆಯ ಹಿಂದೆ ಅರ್ಧ ಮುಚ್ಚಿದ್ದ ಗುರಿ, 15 ಗಜ: ಎರಡನೇ ಗುಂಡಿಗೆ ಚುಕ್ಕಿ ಹಲಗೆಯ ಅಂಚಿನಿಂದ ಹೊರಗೆ ಜಿಗಿದದ್ದು ಕಂಡಿತು, ಮೂರನೆಯದು ಹೊಡೆದೆ, 0.31 ಸೆಕೆಂಡು. ಹೋಗಿ ನೋಡಿದರೆ ಹಲಗೆಯಲ್ಲಿದ್ದದ್ದು ಎರಡೇ ತೂತು, ಎರಡೂ ಎ. ಐದನೇ ಸ್ಟೇಜಿನ ಕೊನೆಯ ಗುರಿ, ಹತ್ತಿರದ್ದು, ಸುಲಭದ್ದು: ಅಲ್ಲೂ ಎರಡು ಎ. ಆದರೆ ಅದರ ಎದುರು ಎಡ ಅಂಕಣದಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಚುಕ್ಕಿ ಎಲ್ಲಿತ್ತೋ ನೆನಪಿಲ್ಲ, ಹಲಗೆಯ ಯಾವ ಬಿಂದುವನ್ನು ನೋಡಿದೆನೋ ಅದೂ ಇಲ್ಲ. ಅಂಕಪಟ್ಟಿಯಲ್ಲಿ ಅದಕ್ಕೆ ಪೂರ್ತಿ 10 ಸಿಕ್ಕಿದೆ. ನನ್ನ ಹಾಳೆಯಲ್ಲಿ ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸಿ, ಈ ವಾರದ ಹದಿನೈದು ನಿಮಿಷವನ್ನು ಅದಕ್ಕೇ ಇಟ್ಟಿದ್ದೇನೆ.