ಬಣ್ಣ ನಂಬಿ ಕೆಟ್ಟೆ: ಕಾಡ್ ಮೀನಿನ ಗುರುತು ಹಿಡಿದದ್ದು

ಮೀನು ಕೊಯ್ಯುವ ಕೆಲಸಕ್ಕೆ ಸೇರಿದ ಹೊಸದು. ಎದುರಿಗೆ ಎರಡು ಮೀನು, ಒಂದು ಇಟ್ಟಿಗೆಗೆಂಪು, ಇನ್ನೊಂದು ಮಾಸಲು ಹಸಿರು. ಬೇರೆ ಬೇರೆ ಜಾತಿ ಅಂದುಕೊಂಡು ಎರಡು ಬುಟ್ಟಿಗೆ ಹಾಕಿದೆ. ಪಕ್ಕದಲ್ಲಿದ್ದ ಹಿರಿಯರು ಮಾತಾಡದೆ ಎರಡನ್ನೂ ಒಂದೇ ಬುಟ್ಟಿಗೆ ಸುರಿದರು. ಎರಡೂ ಅಟ್ಲಾಂಟಿಕ್ ಕಾಡ್ ಎಂಬ ಒಂದೇ ಜಾತಿಯ ಕಡಲಮೀನು! ಕಡಲಪಾಚಿಯ ನಡುವೆ ಇರುವುದು ಕೆಂಪಗೆ, ಮರಳಿನ ಮೇಲಿರುವುದು ಬೂದುಹಸಿರು.

ಆಮೇಲೆ ರೆಕ್ಕೆ ಎಣಿಸಲು ಕಲಿತೆ. ಬೆನ್ನ ಮೇಲೆ ಮೂರು, ಹೊಟ್ಟೆಯ ಕೆಳಗೆ ಹಿಂಬದಿಗೆ ಎರಡು. ಆದರೆ ಹ್ಯಾಡಕ್, ಪೊಲಾಕ್ ಎಂಬ ಅದರ ನೆಂಟ ಮೀನುಗಳಿಗೂ ಅಷ್ಟೇ ಇರುತ್ತವೆ. ಹಾಗಾಗಿ ಅದರಿಂದ ಮನೆತನ ತಿಳಿಯುತ್ತದೆ, ಹೆಸರು ತಿಳಿಯುವುದಿಲ್ಲ. ಹೆಸರು ಹೇಳುವುದು ಪಕ್ಕೆಯ ಗೆರೆ. ಕಾಡ್‌ನದು ಬಿಳಿಚು, ಕಿವಿರಿನ ಹಿಂದಿನ ರೆಕ್ಕೆಯ ಮೇಲೆ ಕಮಾನಿನಂತೆ ಬಾಗುತ್ತದೆ. ಹ್ಯಾಡಕ್‌ನ ಗೆರೆ ಕಪ್ಪು, ಜೊತೆಗೆ ಭುಜದ ಹತ್ತಿರ ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿದಂಥ ಮಚ್ಚೆ. ಪೊಲಾಕ್‌ಗೆ ಕೆಳದವಡೆ ಮುಂದೆ ಚಾಚಿರುತ್ತದೆ. ಕಾಡ್‌ಗೆ ಮೇಲ್ದವಡೆ ಮುಂದೆ, ಗದ್ದದಡಿ ಒಂಟಿ ಮೀಸೆ ಬೇರೆ. ತಲೆ ಕಡಿದು ಚರ್ಮ ಸುಲಿದ ತುಂಡನ್ನು ಮಾತ್ರ ನಾನು ಈಗಲೂ ಕಣ್ಣಳತೆಯಲ್ಲಿ ಇಂಥದ್ದೇ ಎಂದು ಹೇಳುವುದಿಲ್ಲ. ಹೇಳುವವರನ್ನೂ ಅಷ್ಟಾಗಿ ನಂಬುವುದಿಲ್ಲ.

ಕೊಯ್ದಾಗ ಇನ್ನೊಂದು ಅರ್ಥವಾಯಿತು. ಇಷ್ಟು ದೊಡ್ಡ ಮೀನಿನ ಮಾಂಸದಲ್ಲಿ ಕೊಬ್ಬೇ ಇಲ್ಲವೆನ್ನುವಷ್ಟು ಕಡಿಮೆ, ಅದೆಲ್ಲ ಲಿವರ್‌ನಲ್ಲಿ ಕೂತಿರುತ್ತದೆ. ಕಾಡ್ ಲಿವರ್ ಎಣ್ಣೆ ಬರುವುದು ಅದರಿಂದಲೇ. ಕೊಬ್ಬಿಲ್ಲದ್ದರಿಂದ ಒಲೆಯ ಮೇಲೆ ಒಂದು ನಿಮಿಷ ಹೆಚ್ಚಾದರೂ ಒಣಗಿಹೋಗುತ್ತದೆ. ಮಾಂಸದ ಪದರಗಳನ್ನು ಹಿಡಿದಿಡುವ ತೆಳುಪೊರೆ ಕಾವಿಗೆ ಕರಗುತ್ತದೆ. ಗಾಜಿನಂತಿದ್ದ ಬಣ್ಣ ಹಾಲುಬಿಳಿಯಾಗಿ, ಫೋರ್ಕ್ ತಾಗಿಸಿದರೆ ಎಸಳುಗಳು ಜಾರಿದವೆಂದರೆ ಇಳಿಸಿಬಿಡುತ್ತೇನೆ. ಫ್ರೀಜರ್‌ನಲ್ಲಿ ತಣುಪು ಸಾಲದೆ ತಿಂಗಳುಗಟ್ಟಲೆ ಬಿದ್ದಿದ್ದ ತುಂಡು ಮಾತ್ರ ಎಷ್ಟೇ ಹದವಾಗಿ ಬೇಯಿಸಿದರೂ ಹತ್ತಿ ಅಗಿದಂತೆಯೇ.

ಹೊಟ್ಟೆಯ ಬದಿಯ ತೆಳು ಮಾಂಸದಲ್ಲಿ ಸುರುಳಿ ಸುತ್ತಿದ ಹುಳ ಮೊದಲ ಸಲ ಕಂಡಾಗ ಆ ದಿನದ ಊಟ ಬಿಟ್ಟಿದ್ದೆ. ಈಗ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಪ್ರತಿ ತುಂಡನ್ನೂ ಹರಡಿ ನೋಡಿ, ಕಂಡದ್ದನ್ನು ಚಿಮಟದಿಂದ ಕೀಳುತ್ತೇನೆ. ಚೆನ್ನಾಗಿ ಬೆಂದರೆ ಅವು ಸಾಯುತ್ತವೆ, ಹಸಿಯಾಗಿ ತಿನ್ನುವವರಿಗೆ −20 ಡಿಗ್ರಿಯಲ್ಲಿ 7 ದಿನ ಇಟ್ಟದ್ದೇ ಆಗಬೇಕು.

ಒಮ್ಮೆ ತಲೆ ಸೀಳಿ ಕಿವಿಕಲ್ಲು, ಅಂದರೆ ಮೀನಿನ ಒಳಕಿವಿಯಲ್ಲಿರುವ ಪುಟ್ಟ ಗಟ್ಟಿ ಕಲ್ಲು, ತೆಗೆದು ಮುರಿದೆ. ಮರದ ಕಾಂಡದಲ್ಲಿರುವಂತೆ ಬಳೆಗಳು, ವರ್ಷಕ್ಕೊಂದು. ಎಣಿಸಿದರೆ ಆರು. ಇಷ್ಟು ನಿಧಾನ ಬೆಳೆಯುವುದನ್ನು ಬಾಚಿ ಬಾಚಿ ಹಿಡಿದೇ ಕೆನಡಾ 1992ರ ಜುಲೈನಲ್ಲಿ ತನ್ನ ಪೂರ್ವ ಕರಾವಳಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಡೆಯ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆ ಕಲ್ಲಿನ ಇನ್ನರ್ಧ ನನ್ನ ಚಾಕುಪೆಟ್ಟಿಗೆಯಲ್ಲಿದೆ.